ಅಮೆರಿಕದ ಆರೋಗ್ಯ ವಿಮೆಯ ಸುಧಾರಣೆ: ನಾಲ್ಕು ದಾರಿಗಳಲ್ಲಿ ಯಾವುದು ನಿಮ್ಮದು?

ಅಮೆರಿಕದ ಪೌರತ್ವ ಪಡೆದು ಮತ ಹಾಕಲು ಹೊರಟಿರುವ ಕನ್ನಡಿಗ ಗೆಳೆಯರು ಚುನಾವಣೆ ಹತ್ತಿರವಾದಾಗಲೆಲ್ಲ ನನ್ನ ಮುಂದೆ ಇಡುವ ಪ್ರಶ್ನೆ ಒಂದೇ: ಆರೋಗ್ಯ ವಿಮೆಯ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು? ಒಬ್ಬ ಅಭ್ಯರ್ಥಿ ಒಬಾಮಾಕೇರ್ ಎಂಬ 2010ರ ಆರೋಗ್ಯ ವಿಮಾ ಕಾನೂನನ್ನು ಗಟ್ಟಿಗೊಳಿಸುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಖಾಸಗಿ ಕಂಪನಿಗಳ ಪಕ್ಕದಲ್ಲಿ ಸರ್ಕಾರಿ ವಿಮೆಯನ್ನೂ ನಿಲ್ಲಿಸುತ್ತೇನೆ ಎನ್ನುತ್ತಾರೆ. ಮೂರನೆಯವರು, 65 ದಾಟಿದವರಿಗೆ ಇರುವ ಸರ್ಕಾರಿ ವಿಮೆಯನ್ನು ನೆನಪಿಸಿ, ಎಲ್ಲರಿಗೂ ಮೆಡಿಕೇರ್ ಎನ್ನುತ್ತಾರೆ. ನಾಲ್ಕನೆಯವರು ಸರ್ಕಾರ ಹಿಂದೆ ಸರಿದರೆ ಬೆಲೆ ತಾನಾಗಿ ಇಳಿಯುತ್ತದೆ ಎಂದು ಭರವಸೆ ಕೊಡುತ್ತಾರೆ. ಕೇಳುವಾಗ ನಾಲ್ಕೂ ಸರಿಯೆಂದೇ ತೋರುವುದರಿಂದ, ಅವುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿ ನೋಡುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ.

ನಮ್ಮ ಮನೆಗೆ ಬಂದ ಒಂದು ಕಾಗದದಿಂದ ಆರಂಭಿಸುತ್ತೇನೆ. ಮಗ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಊದಿಕೊಂಡಾಗ ಒಂದು ಎಕ್ಸ್‌ರೇ ತೆಗೆಸಿದ್ದೆವು. ಕೆಲವು ದಿನಗಳ ನಂತರ ವಿಮಾ ಕಂಪನಿಯಿಂದ ವಿವರಪಟ್ಟಿ ಬಂತು. ಅದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಬಿಲ್ ಅಲ್ಲ’ ಎಂಬ ಅರ್ಥದ ಸಾಲಿತ್ತು. ಅದರ ಕೆಳಗೆ ಆಸ್ಪತ್ರೆ ಕೇಳಿದ ಮೊತ್ತ ಒಂದು, ವಿಮಾ ಕಂಪನಿ ಒಪ್ಪಿಕೊಂಡ ಮೊತ್ತ ಇನ್ನೊಂದು, ನಮ್ಮ ಪಾಲಿಗೆ ಬಿದ್ದದ್ದು ಮತ್ತೊಂದು. ಆ ಎಕ್ಸ್‌ರೇಯನ್ನು ಪರಿಶೀಲಿಸಿದ ವೈದ್ಯರ ಬಿಲ್ ಮೂರು ವಾರಗಳ ಮೇಲೆ ಬೇರೆಯೇ ವಿಳಾಸದಿಂದ ಬಂತು. ಅಡುಗೆಮನೆಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕುಳಿತಾಗ ನನಗೆ ಮನದಟ್ಟಾದದ್ದು ಇಷ್ಟು: ಈ ದೇಶದಲ್ಲಿ ಒಂದೇ ಚಿಕಿತ್ಸೆಗೆ, ಹಣ ಕೊಡುವವರು ಯಾರೆಂಬುದನ್ನು ನೋಡಿ, ಬೇರೆ ಬೇರೆ ಬೆಲೆ. ರ‍್ಯಾಂಡ್ ಸಂಸ್ಥೆಯ ಅಧ್ಯಯನದ ಪ್ರಕಾರ 2022ರಲ್ಲಿ ಖಾಸಗಿ ವಿಮೆಗಳು ಆಸ್ಪತ್ರೆಗಳಿಗೆ ಕೊಟ್ಟದ್ದು ಅದೇ ಸೇವೆಗೆ ಮೆಡಿಕೇರ್ ಕೊಡುವ ಮೊತ್ತದ ಸುಮಾರು ಎರಡೂವರೆ ಪಟ್ಟು. 2023ರಲ್ಲಿ ದೇಶದ ಆರೋಗ್ಯ ವೆಚ್ಚ 4.9 ಲಕ್ಷ ಕೋಟಿ ಡಾಲರ್, ಅಂದರೆ ಒಟ್ಟು ಆಂತರಿಕ ಉತ್ಪನ್ನದ ಶೇ 17.6. ಇಷ್ಟು ಖರ್ಚಾದ ಮೇಲೂ ಅದೇ ವರ್ಷ ಸುಮಾರು 2.6 ಕೋಟಿ ಜನರಿಗೆ ವಿಮೆಯೇ ಇರಲಿಲ್ಲ.

ತೂಗುವ ಮೊದಲು ತೂಕದ ಕಲ್ಲುಗಳು

ಯಾವ ಪ್ರಸ್ತಾಪವನ್ನೇ ಆಗಲಿ ಐದು ಪ್ರಶ್ನೆಗಳಿಂದ ಪರೀಕ್ಷಿಸಬೇಕು ಎಂಬುದು ನನ್ನ ಅಭಿಪ್ರಾಯ. ಕೆಲಸ ಹೋದ ದಿನ ನನ್ನ ವಿಮೆಗೆ ಏನಾಗುತ್ತದೆ? ಪ್ರೀಮಿಯಂ, ಚಿಕಿತ್ಸೆಯ ವೇಳೆ ಜೇಬಿನಿಂದ ಹೋಗುವ ಹಣ, ತೆರಿಗೆ ಈ ಮೂರನ್ನೂ ಕೂಡಿದರೆ ವರ್ಷಕ್ಕೆ ನನ್ನ ಮೇಲೆ ಬೀಳುವ ಹೊರೆ ಎಷ್ಟು? ನನಗೆ ಬೇಕಾದ ವೈದ್ಯರ ಬಳಿ ಹೋಗಬಹುದೆ? ಆಸ್ಪತ್ರೆಯ ಮತ್ತು ಔಷಧದ ಬೆಲೆಯನ್ನು ತಗ್ಗಿಸುವ ಶಕ್ತಿ ಆ ಪ್ರಸ್ತಾಪಕ್ಕೆ ಇದೆಯೆ, ಅಥವಾ ಹೊರೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿಸುತ್ತದೆಯೆ? ಮತ್ತು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಅದು ಪಾಸಾಗುವ ಸಾಧ್ಯತೆ ಎಷ್ಟು?

ಇವುಗಳಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ಅಮೆರಿಕದ ವ್ಯವಸ್ಥೆಯ ಬಿರುಕು ಇರುವುದೇ ಅಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸರ್ಕಾರ ವೇತನ ಏರಿಕೆಗೆ ಕಡಿವಾಣ ಹಾಕಿದಾಗ ಕಂಪನಿಗಳು ಕೆಲಸಗಾರರನ್ನು ಸೆಳೆಯಲು ಸಂಬಳದ ಬದಲಿಗೆ ಆರೋಗ್ಯ ವಿಮೆಯನ್ನು ಮುಂದಿಟ್ಟವು. ಆ ವಿಮೆಗೆ ತೆರಿಗೆಯಿಲ್ಲ ಎಂಬುದನ್ನು 1954ರ ತೆರಿಗೆ ಕಾನೂನು ಖಚಿತಪಡಿಸಿತು. ಯುದ್ಧಕಾಲದ ಆ ಉಪಾಯವೇ ಬೇರುಬಿಟ್ಟು ಇಂದು 15 ಕೋಟಿಗೂ ಹೆಚ್ಚು ಜನರ ವಿಮೆಯನ್ನು ನೌಕರಿಗೆ ಕಟ್ಟಿಹಾಕಿದೆ. ಅದರ ಪರಿಣಾಮವನ್ನು ಲೆಕ್ಕ ಹಾಕಿಯೇ ನೋಡೋಣ. ಕೆಎಫ್ಎಫ್ ಸಂಸ್ಥೆಯ ಸಮೀಕ್ಷೆಯಂತೆ 2024ರಲ್ಲಿ ಕಂಪನಿಯ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 25,572 ಡಾಲರ್. ಅದರಲ್ಲಿ ನೌಕರನ ಪಾಲು 6,296 ಡಾಲರ್, ಅಂದರೆ ತಿಂಗಳಿಗೆ ಸುಮಾರು 525. ಕೆಲಸ ಹೋದರೆ ಕೋಬ್ರಾ ಕಾನೂನಿನ ಪ್ರಕಾರ ಅದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಉಳಿಸಿಕೊಳ್ಳಬಹುದು. ಆದರೆ ಆಗ ಪೂರ್ತಿ ಪ್ರೀಮಿಯಂ ನಿಮ್ಮದೇ, ಅದರ ಮೇಲೆ ಶೇ 2 ಆಡಳಿತ ವೆಚ್ಚ ಬೇರೆ. ಸಂಬಳ ನಿಂತ ತಿಂಗಳಿನಲ್ಲೇ 525 ಡಾಲರ್ ಇದ್ದದ್ದು ಸುಮಾರು 2,170 ಆಗುತ್ತದೆ. ಎಚ್-1ಬಿ ವೀಸಾದ ಮೇಲಿರುವವರಿಗೆ ಇದರ ಜೊತೆಗೆ ಹೊಸ ಕೆಲಸ ಹುಡುಕಲು ಇರುವ 60 ದಿನಗಳ ಗಡುವೂ ಸೇರಿಕೊಳ್ಳುತ್ತದೆ. ಅವರಿಗೆ ಮತವಿಲ್ಲ. ಮತವಿರುವ ಬಂಧುಗಳು ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ನನ್ನ ಕೋರಿಕೆ.

ಮೊದಲ ದಾರಿ: ಇರುವ ಕಾನೂನನ್ನೇ ಗಟ್ಟಿಗೊಳಿಸುವುದು

2010ರ ಮಾರ್ಚ್ 23ರಂದು ಬರಾಕ್ ಒಬಾಮಾ ಸಹಿ ಹಾಕಿದ ಅಫೋರ್ಡಬಲ್ ಕೇರ್ ಆ್ಯಕ್ಟ್, ಅಂದರೆ ಒಬಾಮಾಕೇರ್, ಪ್ರತಿನಿಧಿ ಸಭೆಯಲ್ಲಿ 219–212 ಮತಗಳಿಂದ ಪಾಸಾಯಿತು. ರಿಪಬ್ಲಿಕನ್ನರ ಒಂದು ಮತವೂ ಅದಕ್ಕೆ ಬೀಳಲಿಲ್ಲ. ಆದರೆ ಅದರ ಮೂಲ ರಚನೆ ರಿಪಬ್ಲಿಕನ್ ರಾಜ್ಯಪಾಲರಾಗಿದ್ದ ಮಿಟ್ ರಾಮ್ನಿ 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ತಂದ ಕಾನೂನನ್ನೇ ಹೋಲುತ್ತದೆ. ಎಲ್ಲರೂ ವಿಮೆ ಕೊಳ್ಳಬೇಕು ಎಂಬ ನಿಯಮವನ್ನು 1989ರಷ್ಟು ಹಿಂದೆಯೇ ಬಲಪಂಥೀಯ ಹೆರಿಟೇಜ್ ಫೌಂಡೇಷನ್ ಮುಂದಿಟ್ಟಿತ್ತು. ಚರ್ಚೆ ಎಷ್ಟರಮಟ್ಟಿಗೆ ಪಕ್ಷದ ಬಣ್ಣ ಬಳಿದುಕೊಂಡಿದೆ ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ಈ ಕಾನೂನು ಬರುವ ಮೊದಲು ಸ್ವಂತವಾಗಿ ವಿಮೆ ಕೊಳ್ಳಲು ಹೋದವರಿಗೆ ಸಕ್ಕರೆ ಕಾಯಿಲೆ ಇದೆ, ಹಿಂದೆ ಹೃದಯದ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಕಾರಣ ಕೊಟ್ಟು ಕಂಪನಿಗಳು ಬಾಗಿಲು ಮುಚ್ಚಬಹುದಿತ್ತು. ಈಗ ಹಾಗೆ ಮಾಡುವಂತಿಲ್ಲ. ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಇರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಮಕ್ಕಳು 26 ವರ್ಷ ತುಂಬುವವರೆಗೆ ತಂದೆ ತಾಯಿಯ ವಿಮೆಯಲ್ಲಿ ಉಳಿಯಬಹುದು. ಕೆಲಸ ಹೋದವರು ಈ ಕಾನೂನಿನಡಿ ತೆರೆದ ವಿಮಾ ಮಾರುಕಟ್ಟೆಗೆ (ಮಾರ್ಕೆಟ್‌ಪ್ಲೇಸ್) ಹೋಗಿ, ಆದಾಯ ನೋಡಿ ಕೊಡುವ ಸಹಾಯಧನದೊಂದಿಗೆ ವಿಮೆ ಕೊಳ್ಳಬಹುದು. ಮೊದಲ ಪ್ರಶ್ನೆಗೆ ಉತ್ತರವೇ ಇಲ್ಲದಿದ್ದ ಕಡೆ ಈ ಕಾನೂನು ಒಂದು ಉತ್ತರವನ್ನಾದರೂ ಕೊಟ್ಟಿತು.

ಅದರ ದೌರ್ಬಲ್ಯ ಇರುವುದು ಅಂಚುಗಳಲ್ಲಿ. 2021ರಲ್ಲಿ ಹೆಚ್ಚಿಸಿ, 2022ರಲ್ಲಿ ಮುಂದುವರಿಸಿದ್ದ ಸಹಾಯಧನದಿಂದಾಗಿ 2025ರ ಹೊತ್ತಿಗೆ 2.4 ಕೋಟಿಗೂ ಹೆಚ್ಚು ಜನ ಮಾರುಕಟ್ಟೆಯ ವಿಮೆಗೆ ಸೇರಿದ್ದರು. ಆ ಹೆಚ್ಚಳದ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆಂಬುದೇ ಆ ವರ್ಷದ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದ ಜಗಳದ ಕೇಂದ್ರ ವಿಷಯವಾಗಿತ್ತು. ಜಗಳ ಮುಗಿದರೂ ಅವಧಿ ವಿಸ್ತರಣೆಯಾಗದೆ ಹಳೆಯ ಮಿತಿ ಮರಳಿತು. ಆ ಮಿತಿಯಂತೆ ನಾಲ್ವರ ಕುಟುಂಬದ ವಾರ್ಷಿಕ ಆದಾಯ 1,28,600 ಡಾಲರ್ ದಾಟಿದರೆ 2026ರ ವಿಮೆಗೆ ಸಹಾಯಧನ ಪೂರ್ತಿ ನಿಲ್ಲುತ್ತದೆ. ಒಂದು ಡಾಲರ್ ಹೆಚ್ಚಾದರೂ ನಿಲ್ಲುತ್ತದೆ. ಸ್ವಂತ ಅಂಗಡಿ, ಪುಟ್ಟ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಇಟ್ಟುಕೊಂಡಿರುವ ಐವತ್ತು ದಾಟಿದ ದಂಪತಿಗೆ, ವಯಸ್ಸಿನ ಜೊತೆ ಪ್ರೀಮಿಯಂ ಏರುವ ಕಾರಣ, ಈ ಗೆರೆ ನಿಜವಾಗಿಯೂ ಪ್ರಪಾತದ ಅಂಚು.

ಇನ್ನೊಂದು ಅಂಚು ಬಡವರದ್ದು. ಕಾನೂನು ಬರೆದವರು ಎಲ್ಲ ರಾಜ್ಯಗಳಲ್ಲೂ ಬಡತನ ರೇಖೆಯ ಶೇ 138ರವರೆಗಿನ ಆದಾಯದವರಿಗೆ ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡ್ ಸಿಗಲಿ ಎಂದುಕೊಂಡಿದ್ದರು. 2012ರ ಜೂನ್ 28ರಂದು ಸುಪ್ರೀಂ ಕೋರ್ಟ್ ಅದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. 40 ರಾಜ್ಯಗಳು ಒಪ್ಪಿದವು, ಟೆಕ್ಸಸ್ ಮತ್ತು ಫ್ಲಾರಿಡಾದಂಥ ದೊಡ್ಡ ರಾಜ್ಯಗಳು ಒಪ್ಪಲಿಲ್ಲ. ಹೀಗಾಗಿ ನ್ಯೂಜೆರ್ಸಿಯಲ್ಲಿ ವಿಮೆ ಸಿಗುವ ಒಬ್ಬ ಬಡ ವ್ಯಕ್ತಿ ಟೆಕ್ಸಸ್‌ನಲ್ಲಿದ್ದರೆ ಮೆಡಿಕೈಡ್‌ಗೂ ಸಲ್ಲದೆ, ಬಡತನ ರೇಖೆಗಿಂತ ಕೆಳಗಿರುವ ಕಾರಣ ಮಾರುಕಟ್ಟೆಯ ಸಹಾಯಧನಕ್ಕೂ ಸಲ್ಲದೆ ನಡುವೆ ಉಳಿದುಬಿಡುತ್ತಾರೆ. ಹೆಚ್ಚು ಬಡವರಾಗಿರುವುದೇ ಸಹಾಯ ಸಿಗದಿರಲು ಕಾರಣವಾಗುವ ಈ ಸ್ಥಿತಿಯನ್ನು ಯಾವ ಪಕ್ಷದ ತರ್ಕದಿಂದಲೂ ಸಮರ್ಥಿಸಲಾಗದು ಎಂದೇ ನಾನು ಹೇಳುತ್ತೇನೆ.

ಬೆಲೆಯ ವಿಷಯದಲ್ಲಿ ಈ ದಾರಿ ಮೆತ್ತಗಿನದು. ಮಾರುಕಟ್ಟೆಯ ಪ್ಲಾನ್ ಇದ್ದರೂ 2025ರಲ್ಲಿ ಒಂದು ಕುಟುಂಬ ತನ್ನ ಜೇಬಿನಿಂದ 18,400 ಡಾಲರ್‌ವರೆಗೆ ಕಟ್ಟಬೇಕಾಗಿ ಬರಬಹುದಿತ್ತು. ಔಷಧದ ಬೆಲೆಯ ಮಟ್ಟಿಗೆ 2022ರ ಕಾನೂನು ಮೆಡಿಕೇರ್‌ಗೆ ಚೌಕಾಸಿ ಮಾಡುವ ಅಧಿಕಾರ ಕೊಟ್ಟಿದೆ. ಹತ್ತು ಔಷಧಗಳ ಹೊಸ ಬೆಲೆ 2026ರ ಜನವರಿಯಿಂದ ಜಾರಿಗೆ ಬಂತು, ಮೆಡಿಕೇರ್‌ನಲ್ಲಿರುವವರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರುವಂತಿಲ್ಲ. ಆಸ್ಪತ್ರೆಗಳ ದರಕ್ಕೆ ಮಾತ್ರ ಅಂಥ ಚೌಕಾಸಿ ಇನ್ನೂ ಬಂದಿಲ್ಲ.

ಎರಡನೆಯ ದಾರಿ: ಪಬ್ಲಿಕ್ ಆಪ್ಷನ್

ಖಾಸಗಿ ವಿಮೆಗಳ ಸಾಲಿನಲ್ಲೇ ಸರ್ಕಾರ ನಡೆಸುವ ಒಂದು ವಿಮೆಯನ್ನೂ ಇಡುವುದು, ಬೇಕಾದವರು ಅದನ್ನು ಕೊಳ್ಳುವುದು ಎಂಬುದು ಇದರ ಸಾರ. 2009ರಲ್ಲಿ ಪ್ರತಿನಿಧಿ ಸಭೆ ಒಪ್ಪಿದ್ದ ಈ ಅಂಶ ಸೆನೆಟ್‌ನಲ್ಲಿ ಬೇಕಾದ 60 ಮತಗಳ ಲೆಕ್ಕಾಚಾರದಲ್ಲಿ, ಕನೆಕ್ಟಿಕಟ್‌ನ ಸೆನೆಟರ್ ಜೋ ಲೀಬರ್‌ಮನ್ ಒಪ್ಪದ ಕಾರಣ ಬಿದ್ದುಹೋಯಿತು. ಇರುವ ವಿಮೆಯಿಂದ ತೃಪ್ತರಾದವರನ್ನು ಮುಟ್ಟದೆ ಬಿಡುತ್ತದೆ ಎಂಬುದು ಇದರ ದೊಡ್ಡ ಆಕರ್ಷಣೆ.

ಕಾಗದದ ಮೇಲೆ ಚೆನ್ನಾಗಿ ಕಾಣುವ ಈ ಯೋಜನೆಯ ನಿಜವಾದ ಪರೀಕ್ಷೆ ವಾಷಿಂಗ್ಟನ್ ರಾಜ್ಯದಲ್ಲಿ ನಡೆಯಿತು. ಅಲ್ಲಿ 2021ರಲ್ಲಿ ಕ್ಯಾಸ್ಕೇಡ್ ಕೇರ್ ಎಂಬ ಹೆಸರಿನಲ್ಲಿ ಆರಂಭವಾದ ಪಬ್ಲಿಕ್ ಆಪ್ಷನ್, ಆಸ್ಪತ್ರೆ ಮತ್ತು ವೈದ್ಯರಿಗೆ ಕೊಡುವ ಒಟ್ಟು ಹಣವನ್ನು ಮೆಡಿಕೇರ್ ದರದ ಶೇ 160ಕ್ಕೆ ಮಿತಿಗೊಳಿಸಿತು. ಇದು ಕಡಿಮೆಯಾಯಿತೆಂದು ಹಲವು ಆಸ್ಪತ್ರೆಗಳು ಒಪ್ಪಂದಕ್ಕೇ ಬರಲಿಲ್ಲ, ಹೀಗಾಗಿ ರಾಜ್ಯದ ಎಷ್ಟೋ ಭಾಗಗಳಲ್ಲಿ ಯೋಜನೆ ಸಿಗಲೇ ಇಲ್ಲ. ಆಸ್ಪತ್ರೆಗಳು ಭಾಗವಹಿಸುವಂತೆ ಒತ್ತಾಯಿಸುವ ತಿದ್ದುಪಡಿಯನ್ನು ಶಾಸನಸಭೆ ಅದೇ ವರ್ಷ ತರಬೇಕಾಯಿತು. ಆದ್ದರಿಂದ ಪಬ್ಲಿಕ್ ಆಪ್ಷನ್ ಎನ್ನುವ ಅಭ್ಯರ್ಥಿ ಎದುರಾದರೆ ಎರಡು ಪ್ರಶ್ನೆ ಕೇಳಿ: ದರ ಎಷ್ಟು, ಆಸ್ಪತ್ರೆಗಳು ಸೇರಲೇಬೇಕೆಂಬ ನಿಯಮ ಇದೆಯೆ? ಎರಡಕ್ಕೂ ಉತ್ತರವಿಲ್ಲದಿದ್ದರೆ ಅದು ಹೆಸರಿಗಷ್ಟೇ ಉಳಿಯುವ ಯೋಜನೆ.

ಮೂರನೆಯ ದಾರಿ: ಎಲ್ಲರಿಗೂ ಮೆಡಿಕೇರ್

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, ಇಪ್ಪತ್ತು ವರ್ಷ ಹಿಂದೆ ರಾಷ್ಟ್ರೀಯ ಆರೋಗ್ಯ ವಿಮೆಯನ್ನು ಪ್ರಸ್ತಾಪಿಸಿ ಸೋತಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಎದುರಿನಲ್ಲೇ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ಮೊದಲ ಕಾರ್ಡ್ ಟ್ರೂಮನ್ ಅವರಿಗೇ ಸಂದಿತು. 65 ದಾಟಿದವರಿಗೆ ಇರುವ ಆ ವಿಮೆಯನ್ನು ಎಲ್ಲರಿಗೂ ವಿಸ್ತರಿಸುವುದು ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಪ್ರಸ್ತಾಪ ಎಂದು ಹೆಸರು ಹೇಳುತ್ತದೆ. ಆದರೆ ಈಗಿನ ಮೆಡಿಕೇರ್‌ನಲ್ಲಿ ವೈದ್ಯರ ಸೇವೆಗೆ 2025ರಲ್ಲಿ ತಿಂಗಳಿಗೆ 185 ಡಾಲರ್ ಪ್ರೀಮಿಯಂ ಇತ್ತು, ಸಾಮಾನ್ಯವಾಗಿ ಶೇ 20 ಪಾಲನ್ನು ರೋಗಿಯೇ ಕಟ್ಟಬೇಕು, ಮೇಲಾಗಿ ಅರ್ಧಕ್ಕಿಂತ ಹೆಚ್ಚು ಫಲಾನುಭವಿಗಳು ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ನಲ್ಲಿದ್ದಾರೆ. ಸ್ಯಾಂಡರ್ಸ್ ಅವರ ಮಸೂದೆಯಲ್ಲಿ ಪ್ರೀಮಿಯಂ ಇಲ್ಲ, ಡಿಡಕ್ಟಿಬಲ್ (ವಿಮೆ ಹಣ ಕೊಡಲು ಆರಂಭಿಸುವ ಮೊದಲು ರೋಗಿಯೇ ಕಟ್ಟುವ ಮೊತ್ತ) ಇಲ್ಲ, ಅದೇ ಸೇವೆಗೆ ಖಾಸಗಿ ವಿಮೆ ಮಾರುವ ಅವಕಾಶವೂ ಇಲ್ಲ. ಹೆಸರು ಹಳೆಯದಾದರೂ ವಸ್ತು ಹೊಸದು.

ಮೊದಲ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇರೆ ಯಾವ ದಾರಿಯಲ್ಲೂ ಇಲ್ಲ: ಕೆಲಸ ಹೋದರೂ, ಬದಲಾದರೂ, ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ವಿಮೆ ಅಲುಗಾಡುವುದಿಲ್ಲ. ನೆಟ್‌ವರ್ಕ್, ಅಂದರೆ ವಿಮಾ ಕಂಪನಿ ಒಪ್ಪಂದ ಮಾಡಿಕೊಂಡ ವೈದ್ಯರ ಪಟ್ಟಿ ಎಂಬ ಬೇಲಿ ಇಲ್ಲದ ಕಾರಣ ವೈದ್ಯರ ಆಯ್ಕೆಯೂ ಹೆಚ್ಚುತ್ತದೆ. ಜಗಳ ಇರುವುದು ಎರಡನೆಯ ಪ್ರಶ್ನೆಯಲ್ಲಿ. 2018ರಲ್ಲಿ ಮರ್ಕೇಟಸ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆಯ ಚಾರ್ಲ್ಸ್ ಬ್ಲಹೌಸ್ ಹತ್ತು ವರ್ಷಗಳಲ್ಲಿ ಕೇಂದ್ರ ಸರ್ಕಾರದ ವೆಚ್ಚ 32.6 ಲಕ್ಷ ಕೋಟಿ ಡಾಲರ್ ಏರುತ್ತದೆ ಎಂದು ಲೆಕ್ಕ ಹಾಕಿದರು. ವಿರೋಧಿಗಳು ಆ ಸಂಖ್ಯೆಯನ್ನು ಎಲ್ಲೆಡೆ ಸಾರಿದರು. ಅದೇ ವರದಿಯಲ್ಲಿ, ಮಸೂದೆ ಹೇಳಿದಂತೆ ಆಸ್ಪತ್ರೆಗಳಿಗೆ ಮೆಡಿಕೇರ್ ದರವನ್ನೇ ಕೊಟ್ಟರೆ ದೇಶದ ಒಟ್ಟು ಆರೋಗ್ಯ ವೆಚ್ಚ ಸುಮಾರು 2 ಲಕ್ಷ ಕೋಟಿ ಡಾಲರ್ ಇಳಿಯುತ್ತದೆ ಎಂಬ ಲೆಕ್ಕವೂ ಇತ್ತು. ಸ್ಯಾಂಡರ್ಸ್ ಅದನ್ನು ಎತ್ತಿ ತೋರಿಸಿದರು. ಅಷ್ಟು ಕಡಿಮೆ ದರಕ್ಕೆ ಆಸ್ಪತ್ರೆಗಳು ಒಪ್ಪುವುದು ಕಷ್ಟ ಎಂಬುದು ಬ್ಲಹೌಸ್ ಅವರ ಆಕ್ಷೇಪವಾಗಿತ್ತು. ಒಂದೇ ವರದಿಯಿಂದ ಎರಡು ಬಣಗಳೂ ತಮಗೆ ಬೇಕಾದ ಸಾಲನ್ನು ಹರಿದುಕೊಂಡು ಹೋದವು. ಎರಡೂ ಸಾಲು ಒಟ್ಟಿಗೆ ನಿಲ್ಲಬಲ್ಲವು, ಏಕೆಂದರೆ ಈಗ ನೀವು ಮತ್ತು ನಿಮ್ಮ ಕಂಪನಿ ಪ್ರೀಮಿಯಂ ಎಂದು ಕಟ್ಟುತ್ತಿರುವ ಹಣ ಆಗ ತೆರಿಗೆಯ ಹೆಸರಿನಲ್ಲಿ ಹೋಗುತ್ತದೆ. ತೆರಿಗೆ ಏರುತ್ತದೆ ಎಂಬುದನ್ನಷ್ಟೇ ಹೇಳುವವರೂ, ಪ್ರೀಮಿಯಂ ಇರುವುದಿಲ್ಲ ಎಂಬುದನ್ನಷ್ಟೇ ಹೇಳುವವರೂ ಅರ್ಧ ಲೆಕ್ಕವನ್ನೇ ಕೊಡುತ್ತಿದ್ದಾರೆ.

ಜಾರಿಯ ಕಷ್ಟಕ್ಕೆ ವರ್ಮಾಂಟ್‌ನ ಉದಾಹರಣೆ ಕಣ್ಣ ಮುಂದಿದೆ. 2011ರಲ್ಲಿ ಆ ಪುಟ್ಟ ರಾಜ್ಯ ಇಂಥ ವ್ಯವಸ್ಥೆಗೆ ಕಾನೂನು ಮಾಡಿತು. 2014ರ ಡಿಸೆಂಬರ್‌ನಲ್ಲಿ ರಾಜ್ಯಪಾಲ ಪೀಟರ್ ಶಮ್ಲಿನ್, ಕಂಪನಿಗಳ ಸಂಬಳಪಟ್ಟಿಯ ಮೇಲೆ ಶೇ 11.5 ತೆರಿಗೆಯನ್ನೂ ವ್ಯಕ್ತಿಗಳ ಆದಾಯದ ಮೇಲೆ ಶೇ 9.5ರವರೆಗಿನ ಹೊರೆಯನ್ನೂ ಹೇರಬೇಕಾಗುತ್ತದೆ ಎಂದು ತಿಳಿಸಿ ಅದನ್ನು ಕೈಬಿಟ್ಟರು. ತತ್ವವನ್ನು ಮನಸಾರೆ ಒಪ್ಪಿದ್ದ ನಾಯಕನೇ ಹಿಂಜರಿದದ್ದನ್ನು ಬೆಂಬಲಿಗರು ಮರೆಯಬಾರದು.

ನಾಲ್ಕನೆಯ ದಾರಿ: ಮಾರುಕಟ್ಟೆಗೆ ಬಿಡುವುದು

ರಿಪಬ್ಲಿಕನ್ನರ ಪ್ರಸ್ತಾಪ ಒಂದೇ ಮಸೂದೆಯ ರೂಪದಲ್ಲಿಲ್ಲ. ಹೆಲ್ತ್ ಸೇವಿಂಗ್ಸ್ ಖಾತೆಗಳನ್ನು ಹಿಗ್ಗಿಸುವುದು, ಕಡಿಮೆ ಸೌಲಭ್ಯದ ಅಗ್ಗದ ಅಲ್ಪಾವಧಿ ವಿಮೆಗೆ ಅವಕಾಶ ಕೊಡುವುದು, ಮೆಡಿಕೈಡ್ ಮೇಲಿನ ಕೇಂದ್ರದ ಖರ್ಚಿಗೆ ಮಿತಿ ಹಾಕುವುದು ಇದರ ಮುಖ್ಯ ಎಳೆಗಳು. ತೆರಿಗೆಯಿಲ್ಲದ ಖಾತೆ ಉಳಿಸಲು ಹಣವಿರುವವರಿಗೆ ನಿಜಕ್ಕೂ ಒಳ್ಳೆಯದು. 2025ರಲ್ಲಿ ಒಂದು ಕುಟುಂಬ 8,550 ಡಾಲರ್‌ವರೆಗೆ ಹಾಕಬಹುದಿತ್ತು, ಬಳಸದ ಹಣ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಮೂವತ್ತರ ಒಳಗಿನ, ಒಳ್ಳೆಯ ಸಂಬಳದ, ಔಷಧದ ಅಗತ್ಯವಿಲ್ಲದ ಇಂಜಿನಿಯರ್‌ಗೆ ಈ ದಾರಿಯಲ್ಲಿ ತಿಂಗಳ ಖರ್ಚು ಇಳಿಯುತ್ತದೆ ಎಂಬುದನ್ನು ಒಪ್ಪಲೇಬೇಕು. ಚಿಕಿತ್ಸೆಯ ಬೆಲೆ ಮೊದಲೇ ತಿಳಿಯಬೇಕು ಎಂಬ ಅವರ ಒತ್ತಾಯವನ್ನೂ, ಆ ಎಕ್ಸ್‌ರೇ ಕಾಗದಗಳ ನೆನಪಿನಿಂದ, ನಾನು ಪೂರ್ತಿ ಬೆಂಬಲಿಸುತ್ತೇನೆ.

ಕಾಯಿಲೆ ಬಿದ್ದವರ ಕಡೆಯಿಂದ ನೋಡಿದಾಗ ಚಿತ್ರ ಬದಲಾಗುತ್ತದೆ. ಆರೋಗ್ಯವಂತರು ಅಗ್ಗದ ಪ್ಲಾನ್‌ಗಳಿಗೆ ಹೊರಟುಹೋದರೆ ಉಳಿದ ಗುಂಪಿನ ಪ್ರೀಮಿಯಂ ಏರುತ್ತದೆ. ಕಾಯಿಲೆಯ ಕಾರಣ ವಿಮೆ ಸಿಗದವರಿಗಾಗಿ 2010ಕ್ಕೆ ಮೊದಲು 35 ರಾಜ್ಯಗಳಲ್ಲಿ ಪ್ರತ್ಯೇಕ ವಿಮಾ ನಿಧಿಗಳಿದ್ದವು. ಹಣ ಸಾಲದೆ ಕೆಲವು ಕಡೆ ಕಾಯುವ ಪಟ್ಟಿಗಳಿದ್ದವು. 2017ರಲ್ಲಿ ಒಬಾಮಾಕೇರ್ ರದ್ದತಿಯ ಯತ್ನ ಪ್ರತಿನಿಧಿ ಸಭೆಯಲ್ಲಿ 217–213ರಿಂದ ಗೆದ್ದು, ಜುಲೈ 28ರ ನಸುಕಿನಲ್ಲಿ ಸೆನೆಟ್‌ನಲ್ಲಿ ರಿಪಬ್ಲಿಕನ್ನರೇ ಆದ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿದಾಗ 49–51ರಿಂದ ಬಿತ್ತು. ಇದ್ದದ್ದನ್ನು ಕಿತ್ತುಕೊಳ್ಳುವ ಮಾತು ಬಂದ ಕೂಡಲೇ ಆ ಕಾನೂನಿನ ಪರವಾದ ಜನಾಭಿಪ್ರಾಯ ಹೆಚ್ಚಿತು. ಆದರೆ 2025ರ ಜುಲೈ 4ರಂದು ಸಹಿಯಾದ ಬೃಹತ್ ಕಾನೂನಿನ ಮೂಲಕ ಈ ದಾರಿಯ ಒಂದು ಭಾಗ ಜಾರಿಗೆ ಬರುತ್ತಿದೆ. ವಿಸ್ತರಿತ ಮೆಡಿಕೈಡ್‌ನಲ್ಲಿರುವ ವಯಸ್ಕರು, ವಿನಾಯಿತಿ ಇಲ್ಲದಿದ್ದರೆ, ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸೇವೆಯ ದಾಖಲೆ ತೋರಿಸಬೇಕು. 2034ರ ಹೊತ್ತಿಗೆ ಈ ಕಾನೂನಿನಿಂದ ಇನ್ನೂ ಸುಮಾರು 1 ಕೋಟಿ ಜನ ವಿಮೆಯಿಲ್ಲದವರಾಗುತ್ತಾರೆಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿ ಅಂದಾಜಿಸಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರಿಗೆ ಮಾರುಕಟ್ಟೆಯ ಸಹಾಯಧನವನ್ನು 2027ರಿಂದ ನಿಲ್ಲಿಸುವುದೂ ಇದೇ ಕಾನೂನು.

ನಿಮ್ಮ ಮನೆಗೆ ಹೊಂದಿಸಿ ನೋಡುವಾಗ

ದೊಡ್ಡ ಕಂಪನಿಯ ಕೆಲಸದಲ್ಲಿದ್ದು, ಮನೆಯವರೆಲ್ಲ ಆರೋಗ್ಯವಾಗಿದ್ದು, ವಿಮೆಯ ಬಗ್ಗೆ ತಕರಾರಿಲ್ಲದವರಿಗೆ ಮೊದಲೆರಡು ದಾರಿಗಳು ಕಡಿಮೆ ಅಲುಗಾಟದವು. ನಾಲ್ಕನೆಯದು ಸದ್ಯಕ್ಕೆ ಲಾಭವನ್ನೂ ತರಬಹುದು. ಆದರೆ ಕೋಬ್ರಾದ ಆ 2,170 ಡಾಲರ್ ಲೆಕ್ಕವನ್ನು ಒಮ್ಮೆ ನಿಮ್ಮ ಸ್ವಂತ ಪೇಸ್ಲಿಪ್ ಇಟ್ಟುಕೊಂಡು ಮಾಡಿ, ಎಷ್ಟು ತಿಂಗಳು ತಡೆಯಬಲ್ಲಿರಿ ಎಂದು ನೋಡಿ. ಆರು ತಿಂಗಳಿಗಿಂತ ಕಡಿಮೆ ಎಂದಾದರೆ ವಿಮೆಯನ್ನು ನೌಕರಿಯಿಂದ ಬಿಡಿಸುವ ಪ್ರಸ್ತಾಪಗಳನ್ನು ನೀವು ಇನ್ನಷ್ಟು ಗಂಭೀರವಾಗಿ ಓದಬೇಕು.

ಸ್ವಂತ ಉದ್ಯೋಗದವರಿಗೆ, ಅದರಲ್ಲೂ ಮೆಡಿಕೇರ್‌ನ ವಯಸ್ಸಿಗೆ ಹತ್ತು ವರ್ಷ ಬಾಕಿ ಇರುವವರಿಗೆ, ಸಹಾಯಧನದ ಆ ಅಂಚನ್ನು ತೆಗೆಯುತ್ತೇನೆ ಎನ್ನುವ ಅಭ್ಯರ್ಥಿಯೇ ತಕ್ಷಣದ ನೆರವು. ಪಬ್ಲಿಕ್ ಆಪ್ಷನ್ ಅದರ ಮೇಲೊಂದು ಆಸರೆ. ದೀರ್ಘ ಕಾಯಿಲೆ ಇರುವ ಮನೆಗೆ ನಾಲ್ಕನೆಯ ದಾರಿಯನ್ನು ನಾನು ಸೂಚಿಸಲಾರೆ. ಮೂರನೆಯದು ಬಂದರೆ ಅತ್ಯಂತ ಭದ್ರ, ಆದರೆ ಅದಕ್ಕಾಗಿ ಕಾಯುವಾಗ ಮೊದಲನೆಯದು ಕುಸಿಯದಂತೆ ನೋಡಿಕೊಳ್ಳಬೇಕು. ನನ್ನ ಸ್ವಂತ ಒಲವೂ ಅದೇ: ಈಗಿರುವುದನ್ನು ಕಾಪಾಡಿ, ಅದಕ್ಕೆ ದರದ ಮಿತಿಯಿರುವ ಪಬ್ಲಿಕ್ ಆಪ್ಷನ್ ಸೇರಿಸುವುದು.

ತಂದೆ ತಾಯಿಯನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡವರ ಲೆಕ್ಕ ಬೇರೆ. 65 ದಾಟಿದ್ದರೂ ಐದು ವರ್ಷ ಸತತವಾಗಿ ಇಲ್ಲಿ ನೆಲೆಸಿದ ಮೇಲೆಯೇ ಅವರು ಹಣ ಕಟ್ಟಿ ಮೆಡಿಕೇರ್ ಸೇರಬಹುದು. ಇಲ್ಲಿ ದುಡಿದ ದಾಖಲೆ ಇಲ್ಲದವರಿಗೆ 2025ರ ದರದಲ್ಲಿ ಆಸ್ಪತ್ರೆಯ ಭಾಗಕ್ಕೆ 518, ವೈದ್ಯರ ಭಾಗಕ್ಕೆ 185, ಒಟ್ಟು ತಿಂಗಳಿಗೆ ತಲಾ 703 ಡಾಲರ್. ಆ ಐದು ವರ್ಷಗಳಲ್ಲಿ ಬಹುಪಾಲು ಅವರಿಗೆ ಉಳಿಯುವುದು ಮಾರುಕಟ್ಟೆಯ ವಿಮೆಯೇ. ಇಂಥ ಮನೆಯವರು ಅಭ್ಯರ್ಥಿಯ ಪ್ರಣಾಳಿಕೆಯಲ್ಲಿ ಮೊದಲು ಹುಡುಕಬೇಕಾದದ್ದು ಆ ಮಾರುಕಟ್ಟೆಯ ಬಗ್ಗೆ ಏನಿದೆ ಎಂಬುದನ್ನು.

ಮತಪತ್ರದಲ್ಲಿ ಅಧ್ಯಕ್ಷರ, ಸೆನೆಟರುಗಳ ಹೆಸರಿನ ಕೆಳಗೆ ರಾಜ್ಯದ ಶಾಸನಸಭೆಯ ಹೆಸರುಗಳೂ ಇರುತ್ತವೆ. ಆಸ್ಟಿನ್ನಲ್ಲೋ ಡಲ್ಲಾಸ್‌ನಲ್ಲೋ ಇರುವವರು ಆ ಸಾಲನ್ನು ಖಾಲಿ ಬಿಟ್ಟು ಬರಬೇಡಿ, ಏಕೆಂದರೆ ಟೆಕ್ಸಸ್‌ಗೆ ಮೆಡಿಕೈಡ್ ವಿಸ್ತರಣೆ ಬರಬೇಕೆ ಬೇಡವೆ ಎಂಬುದನ್ನು ನಿರ್ಧರಿಸುವವರು ಅಲ್ಲಿ ಗೆದ್ದು ಬರುವವರೇ.